ಸತ್ತಮೇಲೊಂದು ನಗು

ಚಂಗನಾಶ್ಶೇರಿ
8 ಜನವರಿ 2023

ಪ್ರೀತಿಯ ಚೇಚಿ,

ಈಶೋಗೆ ಸ್ತುತಿಯಾಗಲಿ.

ಕ್ರಿಸ್ಮಸ್ ಉಪವಾಸದ ನೋಂಬು ಮುಗಿದು ನಿಮ್ಮ ಮಠಕ್ಕೆ ಪತ್ರ ಬರೆಯಲು ಅಪ್ಪಣೆಯಾಗುವುದನ್ನೇ ಕಾಯುತ್ತಿದ್ದೆ. ಹೊಟ್ಟೆಯಲ್ಲಿ ಸುದ್ದಿ ಇಟ್ಟುಕೊಂಡು ತಿಂಗಳುಗಟ್ಟಲೆ ಸುಮ್ಮನಿರುವುದು ನನ್ನಂಥ ಬಾಯಿಬಡುಕನಿಗೆ ಎಂಥ ಸಂಕಟ ಅಂತ, ಹರೆಯದಲ್ಲೇ ಮಠದ ಜಾಲರಿಯ ಆಚೆ ಸೇರಿ ಮೌನ ಹಿಡಿದ ನಿನಗೆ ಹೇಗೆ ಗೊತ್ತಾಗಬೇಕು?

ನಿನ್ನ ತಮ್ಮನಿಗೆ ಮುಖ್ಯ ಪಾತ್ರ ಸಿಕ್ಕಿದೆ. ಎರಡು ಸಲ ಓದು. ಮುಖ್ಯ ಪಾತ್ರ!

ಬಸ್ ಡಿಪೋದಲ್ಲಿ ಕೆಲಸ ಮಾಡುತ್ತಲೇ ರಜೆ ಹಾಕಿ ಹಾಕಿ ನಟಿಸಿದವನು ನಾನು. ಏನೇನು ಆಗಿಲ್ಲ? ಒಂದೇ ಮಾತಿನ ನ್ಯಾಯಾಧೀಶ, ಮಾತೇ ಇಲ್ಲದ ಪಾದ್ರಿ, ಮದುವೆ ಊಟಕ್ಕೆ ಕೂತ ದೂರದ ಮಾವ. ಒಂದು ಸಿನಿಮಾದಲ್ಲಿ ಕೆರೆಯಲ್ಲಿ ತೇಲುವ ಹೆಣ, ಅದೂ ಮುಖ ಕೆಳಗೆ. ಥಿಯೇಟರಿನಲ್ಲಿ ತ್ರೇಸ್ಯ ಪಕ್ಕದವರಿಗೆಲ್ಲ "ಆ ಬೆನ್ನು ನಮ್ಮವರದ್ದೇ" ಅಂತ ತೋರಿಸಿದ್ದಳು. ಹೆಂಡತಿ ಅಂದರೆ ಹಾಗಿರಬೇಕು.

ಈಗ ಟೀವಿಯಲ್ಲಿ ಬರುವ ಧಾರಾವಾಹಿ. ಹೆಸರು "ಮತ್ತೆ ಪೈಲಿ". ಪೈಲಿ ಅಂತ ಒಬ್ಬ ಮರಗೆಲಸದವನು. ಒಂದು ದಿನ ಸಾಯುತ್ತಾನೆ. ಕಣ್ಣು ಬಿಟ್ಟರೆ ಅದೇ ದಿನದ ಬೆಳಗ್ಗೆ, ಇಗರ್ಜಿಯ ಅದೇ ಗಂಟೆ, ಹಾಲಿಲ್ಲದ ಅದೇ ಕಟ್ಟನ್ ಚಾಯ. ಮತ್ತೆ ಸಾಯುತ್ತಾನೆ, ಮತ್ತೆ ಏಳುತ್ತಾನೆ. ಆ ದಿನದಿಂದ ಆಚೆ ದಾಟುವುದು ಹೇಗೆ ಅಂತ ಅವನಿಗೂ ಗೊತ್ತಿಲ್ಲ. ಬರೆಯುತ್ತಿರುವ ಹುಡುಗಿಗೂ ಇನ್ನೂ ಗೊತ್ತಿಲ್ಲವಂತೆ. ಮೈಥಿಲಿ ಅಂತ ಅವಳ ಹೆಸರು. ಕಥೆ, ನಿರ್ದೇಶನ ಎರಡೂ ಅವಳದ್ದೇ. ನನ್ನ ಮಗಳಿದ್ದಿದ್ದರೆ ಅಷ್ಟೇ ವಯಸ್ಸಾಗಿರುತ್ತಿತ್ತು.

ನಮಗಾಗಿ ಪ್ರಾರ್ಥಿಸು.

ನಿನ್ನ
ಕುರ್ಯಾಚ್ಚನ್


ಕೋಟ್ಟಯಂ
17 ಜನವರಿ 2023

ಪ್ರೀತಿಯ ಕುರ್ಯಾ,

ಎರಡಲ್ಲ, ನಾಲ್ಕು ಸಲ ಓದಿದೆ. ನಮ್ಮಮ್ಮ ಇದ್ದಿದ್ದರೆ ಕೋಳಿ ಕೊಯ್ಯುತ್ತಿದ್ದಳು. ನಾನು ನಮ್ಮ ಮಠದ ಮದರ್‌ಗೆ ಓದಿ ಹೇಳಿದೆ. ಸತ್ತು ಎದ್ದು ಬರುವವನ ಕಥೆ, ಅದೂ ಈಶೋನ ಸಾಕುತಂದೆ ಸಂತ ಔಸೇಪರ ಹಾಗೆ ಮರಗೆಲಸದವನು! ಈ ಕಾಲದಲ್ಲೂ ಟೀವಿಯವರಿಗೆ ಇಷ್ಟು ಭಕ್ತಿ ಇದೆಯಲ್ಲ ಅಂತ ಮದರ್ ಕಣ್ಣೊರೆಸಿಕೊಂಡರು. ಸಂಜೆಯ ಪ್ರಾರ್ಥನೆಯಲ್ಲಿ ಪೈಲಿಯ ಹೆಸರು ಸೇರಿದೆ. ಈ ಮಠದಲ್ಲಿ ಟೀವಿ ಇಲ್ಲ, ನೋಡಿದವರಿಲ್ಲ. ಆದರೂ ಹದಿನೆಂಟು ಜನ ಸನ್ಯಾಸಿನಿಯರು ದಿನಾ ಅವನಿಗಾಗಿ ಮೊಣಕಾಲೂರುತ್ತಿದ್ದೇವೆ. ಹಿರಿಯಳಾದ ಸಿಸ್ಟರ್ ಬೆನಿಞ್ಞ ಊರುಗೋಲಿನ ಆಸರೆಯಲ್ಲಿ.

ಅವನನ್ನು ಎಬ್ಬಿಸುವವರು ದೇವದೂತರೋ, ಕರ್ತರೇ ಬಂದು ಎಬ್ಬಿಸುತ್ತಾರೋ? ಬರೆ.

ನಿನ್ನ ಅಕ್ಷರ ಕೊನೆಯ ಪುಟದಲ್ಲಿ ಇಳಿಜಾರಾಗಿದೆ. ಮೈ ಹುಷಾರಿದೆಯೇ?

ನಿನ್ನ ಚೇಚಿ


ಚಂಗನಾಶ್ಶೇರಿ
26 ಜನವರಿ 2023

ಪ್ರೀತಿಯ ಚೇಚಿ,

ಹದಿನೆಂಟು ಜನರ ಪ್ರಾರ್ಥನೆ ಅಂತ ಓದಿ ನನಗೆ ಬೆವರು ಬಂತು. ಪೈಲಿಯನ್ನು ದೇವದೂತರು ಎಬ್ಬಿಸುವುದಿಲ್ಲ. ಪಕ್ಕದ ಮನೆಯ ಹುಂಜ ಎಬ್ಬಿಸುತ್ತದೆ. ಹಾಗಂತ ಕಥೆಯಲ್ಲಿ ದೇವರಿಲ್ಲ ಅಂತಲ್ಲ. ಹಿನ್ನೆಲೆಯಲ್ಲಿ ಇದ್ದಾನೆ. ಮದರ್‌ಗೆ ಇಷ್ಟು ಹೇಳಿದರೆ ಸಾಕು.

ಸಾಯುವುದು ಇಷ್ಟು ಮೈಮುರಿಯುವ ಕೆಲಸ ಅಂತ ಗೊತ್ತಿರಲಿಲ್ಲ. ಮೊದಲ ಸಲ ತಲೆಯ ಮೇಲೆ ತೆಂಗಿನಕಾಯಿ ಬಿದ್ದು ಸತ್ತೆ. ಎರಡನೆಯ ಸಲ ಆ ಮರವನ್ನು ಬಿಟ್ಟು ಸುತ್ತು ಹಾಕಿ ಹೋಗಿ ಬಾವಿಗೆ ಬಿದ್ದೆ. ಮೂರನೆಯ ಸಲ ಮರವೂ ಬೇಡ ಬಾವಿಯೂ ಬೇಡ ಅಂತ ಮನೆಯಲ್ಲೇ ಕೂತು ಮರಗೆಣಸಿನ ಕಪ್ಪ ತಿನ್ನುತ್ತಿದ್ದೆ, ಗಂಟಲಿಗೆ ಸಿಕ್ಕಿಕೊಂಡಿತು. ಹಣೆಬರಹಕ್ಕೆ ಹೊಣೆ ಯಾರು?

ತ್ರೇಸ್ಯ ಮಾತ್ರ ಇದನ್ನು ಆಟ ಅಂದುಕೊಂಡಿಲ್ಲ. ನಮ್ಮ ನಟರಲ್ಲಿ ಒಂದು ಪದ್ಧತಿ ಇದೆ. ಸತ್ತ ದೃಶ್ಯ ಮುಗಿದ ಮೇಲೆ, ಕ್ಯಾಮೆರಾ ನಿಲ್ಲಿಸುವ ಮೊದಲು, ಸತ್ತವನು ಕಣ್ಣು ಬಿಟ್ಟು ಅದರ ಕಡೆ ನೋಡಿ ಒಮ್ಮೆ ನಗಬೇಕು. ನಗದಿದ್ದರೆ ನಟಿಸಿದ ಸಾವು ಮನೆವರೆಗೂ ಹಿಂದೆ ಬರುತ್ತದಂತೆ. ತ್ರೇಸ್ಯ ಮೈಥಿಲಿಗೆ ನೇರ ಫೋನ್ ಮಾಡಿದಳು.

"ಆಂಟಿ, ಅಂಕಲ್ ದಿನಾ ಸಾಯ್ತಾರೆ. ದಿನಾ ನಗು ತೆಗೀತಾ ಕೂತ್ರೆ ಎಡಿಟರ್ ನನ್ನನ್ನೇ ಸಾಯಿಸ್ತಾನೆ" ಅಂತ ಅವಳು.

"ನೋಡು ಮೋಳೇ, ಅದೆಲ್ಲ ನಂಗೊತ್ತಿಲ್ಲ. ನಗು ಇಲ್ಲ ಅಂದ್ರೆ ಗಂಡನೂ ಇಲ್ಲ. ನಾಳೆಯಿಂದ ಕಳ್ಸಲ್ಲ" ಅಂತ ಇವಳು.

ಈಗ ಪ್ರತಿ ಸಾವಿಗೂ ಒಂದು ನಗು. ಆ ನಗುವಿನ ಫೋಟೋ ಕೂಡಲೇ ತ್ರೇಸ್ಯಳ ಫೋನಿಗೆ ಹೋಗಬೇಕು. ಒಂದು ದಿನ ನಾನು ಸತ್ತ ತಕ್ಷಣ ಎಲ್ಲರೂ ಊಟಕ್ಕೆ ಓಡಿ ನಗು ಮರೆತುಬಿಟ್ಟರು. ತ್ರೇಸ್ಯ ಆಟೋ ಹಿಡಿದು ಬಂದು ಗಲಾಟೆ ಮಾಡಿದಳು. ಅಂದಿನಿಂದ ಮೈಥಿಲಿ ಕಾನೂನು ಮಾಡಿದ್ದಾಳೆ: ನಾನು ನಗುವವರೆಗೆ ಯಾರಿಗೂ ಊಟ ಇಲ್ಲ. ಸತ್ತು ಬಿದ್ದ ನನ್ನ ಸುತ್ತ ಮೂವತ್ತು ಜನ ಹಸಿದವರು ನಿಂತು "ನಗಿ ಅಂಕಲ್, ಬೇಗ ನಗಿ" ಅಂತ ಕೂಗುವುದನ್ನು ನೀನು ನೋಡಬೇಕಿತ್ತು.

ಮೈ ಹುಷಾರಿದೆ. ಸ್ವಲ್ಪ ಗ್ಯಾಸ್, ಅಷ್ಟೇ. ಹೊರಗಿನ ಊಟ ನೋಡು.

ನಿನ್ನ
ಕುರ್ಯಾಚ್ಚನ್


ಕೋಟ್ಟಯಂ
4 ಫೆಬ್ರುವರಿ 2023

ಕುರ್ಯಾ,

ನಮ್ಮ ಮಠದ ಹೊರಬಾಗಿಲು ನೋಡಿಕೊಳ್ಳುವ ಸಿಸ್ಟರ್ ಲಿಸ್ಯು ಬ್ಯಾಂಕಿಗೆ ಹೋದಾಗ ಅಲ್ಲಿನ ಟೀವಿಯಲ್ಲಿ ನಿನ್ನನ್ನು ನೋಡಿದ್ದಾಳೆ. ಪೈಲಿ ಮಾಡುವ ಮರಗೆಲಸ ಯಾವುದು ಅಂತ ನನಗೆ ಈಗ ಗೊತ್ತು. ಶವಪೆಟ್ಟಿಗೆ! ಊರವರ ಆರೋಗ್ಯ ವಿಚಾರಿಸುತ್ತಾ ಕಣ್ಣಲ್ಲೇ ಅಳತೆ ತೆಗೆದುಕೊಳ್ಳುತ್ತಾನಂತೆ. ಬಾವಿಗೆ ಬಿದ್ದದ್ದು ಕಳ್ಳಿನ ಅಮಲಿನಲ್ಲಂತೆ. ಪಾದ್ರಿಗೆ ಬೈಯುತ್ತಾನಂತೆ. ಮದರ್‌ಗೆ ಇನ್ನೂ ಹೇಳಿಲ್ಲ. ಸಿಸ್ಟರ್ ಬೆನಿಞ್ಞಳ ಮೊಣಕಾಲಿನ ಪಾಪ ನಿನ್ನ ತಲೆಗೆ.

ಆದರೆ ಒಂದು ಮಾತು ಹೇಳುತ್ತೇನೆ, ನಿನ್ನ ಮೈಥಿಲಿಗೆ ಬೇಕಾದರೆ ಓದು. ನಡೆದದ್ದೇ ನಡೆಯುವ ದಿನದ ಬಗ್ಗೆ ಕಥೆ ಬರೆಯುವವರು ನಮ್ಮನ್ನೇ ಕೇಳಬೇಕಿತ್ತು. ನಲವತ್ತೈದು ವರ್ಷದಿಂದ ನನಗೆ ಅದೇ ಗಂಟೆ, ಅದೇ ಕೀರ್ತನೆ, ಅದೇ ಗಂಜಿ, ಪಕ್ಕದಲ್ಲಿ ಅದೇ ಸಿಸ್ಟರ್ ಫಿಲೋಮಿನಾಳ ಅದೇ ಕೆಮ್ಮು. ಮೊದಮೊದಲು ನಾನೂ ಪೈಲಿಯ ಹಾಗೆ ಹೇಗೆ ದಾಟಲಿ ಅಂತ ಒದ್ದಾಡಿದವಳೇ. ಅದೇ ದಿನ ಮತ್ತೆ ಬರುವುದು ಶಿಕ್ಷೆ ಅಂತ ಅವನಿಗೆ ಹೇಳಿದವರು ಯಾರು? ಇಷ್ಟು ಸಲ ಸತ್ತು ಎದ್ದನಲ್ಲ, ಎದ್ದ ಕೂಡಲೇ "ಅಬ್ಬಾ, ಎದ್ದೆ" ಅಂತ ಒಂದು ಸಲವಾದರೂ ಸಂತೋಷಪಟ್ಟನೇ? ಅದನ್ನು ಕೇಳಿ ನೋಡು.

ಆ ನಗುವಿನ ಪದ್ಧತಿ ಮಾತ್ರ ಶುದ್ಧ ಮೂಢನಂಬಿಕೆ. ಸಾವು ಹಲ್ಲು ನೋಡಿ ವಾಪಸು ಹೋಗುತ್ತದೆಯೇ? ಮುಂದಿನ ಪಾಪನಿವೇದನೆಯಲ್ಲಿ ಅದನ್ನೂ ಹೇಳು, ತ್ರೇಸ್ಯಳೂ ಹೇಳಲಿ.

ಇನ್ನು ನಿನ್ನ ಗ್ಯಾಸ್. ಈ ಮಠದ ರೋಗಿಗಳನ್ನು ಇಪ್ಪತ್ತು ವರ್ಷ ನೋಡಿಕೊಂಡವಳು ನಾನು. ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸು. ಇಗರ್ಜಿಯ ಮೆಟ್ಟಿಲು ಹತ್ತುವಾಗ ಬರುತ್ತದೆಯೋ, ಊಟವಾದ ಮೇಲೋ? ಎಡಗೈಗೆ ಇಳಿಯುತ್ತದೆಯೇ? ಬೆವರುತ್ತೀಯಾ?

ಚೇಚಿ


ಚಂಗನಾಶ್ಶೇರಿ
13 ಫೆಬ್ರುವರಿ 2023

ಪ್ರೀತಿಯ ಚೇಚಿ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿನ್ನ ಪತ್ರ ಓದುವಾಗ ನನ್ನ ಕೈ ತಾನಾಗಿಯೇ ಎದೆಗೆ ಹೋಯಿತು. ಆದರೆ ಅಲ್ಲೇನೂ ಇಲ್ಲ. ಗ್ಯಾಸ್. ಶುಂಠಿ ಕಷಾಯ ಕುಡಿಯುತ್ತಿದ್ದೇನೆ. ಚಿತ್ರೀಕರಣ ಮುಗಿದ ಮೇಲೆ ಖಂಡಿತ ಡಾಕ್ಟರಿಗೆ ತೋರಿಸುತ್ತೇನೆ. ನಡುವೆ ನಾನು ಕೈಕೊಟ್ಟರೆ ಅಷ್ಟೂ ಜನರ ಕೆಲಸ ನಿಲ್ಲುತ್ತದೆ.

ನಿನ್ನ ಮಾತನ್ನು ಮೈಥಿಲಿಗೆ ಓದಿದೆ. ಅವಳು ಅದನ್ನು ಬರೆದುಕೊಂಡಳು. ಆಮೇಲೆ "ನಿಮ್ಮ ಚೇಚಿಗೆ ನಮ್ಮಲ್ಲಿ ಬರೆಯೋಕೆ ಬರ್ತೀರಾ ಅಂತ ಕೇಳಿ ಅಂಕಲ್" ಅಂದಳು.

ಕೊನೆಯ ಕಂತು ಏನು ಅಂತ ಇನ್ನೂ ಗೊತ್ತಾಗಿಲ್ಲ. ಅದಕ್ಕೂ ಮೊದಲು ಒಂದು ದೊಡ್ಡ ದೃಶ್ಯ ಇದೆ. ಪೈಲಿ ಬೆಳಗಾಗುತ್ತಲೇ ಸತ್ತುಬಿಡುತ್ತಾನೆ. ಹಾಗಾಗಿ ಅದೇ ದಿನ ಅವನ ಶವಸಂಸ್ಕಾರ. ತಾನೇ ಮಾಡಿದ ಪೆಟ್ಟಿಗೆಯಲ್ಲಿ ಮಲಗಿ ಬಂಧುಗಳು ಆಡುವ ಮಾತೆಲ್ಲ ಕೇಳಿಸಿಕೊಳ್ಳುತ್ತಾನೆ. ಚಿತ್ರೀಕರಣಕ್ಕೆ ಗೊತ್ತು ಮಾಡಿದ್ದ ಮನೆ ಕೈತಪ್ಪಿತು. ನಮ್ಮ ಮನೆಯಲ್ಲೇ ಮಾಡಿ ಅಂದೆ. ತ್ರೇಸ್ಯಳ ತಾಯಿ ಅಮ್ಮಚ್ಚಿ ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ನಿನ್ನೆ ಗೋಡೆಗೆ ಹೇಳುವ ಹಾಗೆ ಹೇಳಿದರು: "ಬದುಕಿರೋರ ಮನೆಗೆ ಪೆಟ್ಟಿಗೆ ತಗೊಂಬರ್ತಾನಂತೆ. ಕೋತಿಗೆ ಕಳ್ಳು ಕುಡಿಸಿದ ಹಾಗಾಯ್ತು."

ನಿನ್ನ
ಕುರ್ಯಾಚ್ಚನ್


ಕೋಟ್ಟಯಂ
18 ಫೆಬ್ರುವರಿ 2023

ಕುರ್ಯಾ,

ಸೋಮವಾರ ಐವತ್ತು ದಿನದ ನೋಂಬು ಶುರು. ಇನ್ನು ಈಸ್ಟರ್ ತನಕ ನಾನು ಬರೆಯುವುದಿಲ್ಲ. ನೀನು ಬರೆದರೂ ಪತ್ರ ಮದರ್‌ರ ಮೇಜಿನ ಖಾನೆಯಲ್ಲಿ ಇರುತ್ತದೆಯೇ ಹೊರತು ನನ್ನ ಕೈಗೆ ಬರುವುದಿಲ್ಲ. ಹಾಗಾಗಿ ಇದನ್ನು ಎರಡು ಸಲ ಓದು.

ನಾನು ಮೂರು ಪ್ರಶ್ನೆ ಕೇಳಿದ್ದೆ. ನೀನು ಒಂದಕ್ಕೂ ಉತ್ತರಿಸಿಲ್ಲ. ಚಿಕ್ಕವನಿದ್ದಾಗ ಹಲಸಿನ ಮರದಿಂದ ಬಿದ್ದು ಕೈ ಮುರಿದುಕೊಂಡು, ಅದನ್ನು ಬೆನ್ನ ಹಿಂದೆ ಇಟ್ಟುಕೊಂಡೇ ಊಟಕ್ಕೆ ಕೂತಿದ್ದವನು ನೀನು. ಎಡಗೈಯಲ್ಲಿ ಅನ್ನ ಕಲಸುವುದನ್ನು ನೋಡಿ ಪತ್ತೆ ಹಚ್ಚಿದವಳು ನಾನು. ಈಗ ಜಾಲರಿ ಅಡ್ಡ ಇದೆ, ನನಗೆ ನಿನ್ನ ಕೈ ಕಾಣುವುದಿಲ್ಲ.

ಸಾಯುವುದಿದ್ದರೆ ಟೀವಿಯಲ್ಲಿ ಸಾಯಿ. ಮಿಕ್ಕದ್ದಕ್ಕೆ ಡಾಕ್ಟರನ್ನು ನೋಡು. ನನಗೆ ಭಯವಾಗುತ್ತಿದೆ ಮೋನೇ.

ಚೇಚಿ


ಚಂಗನಾಶ್ಶೇರಿ
5 ಮಾರ್ಚ್ 2023

ಪ್ರೀತಿಯ ಚೇಚಿ,

ನೀನು ಈಗ ಓದುವುದಿಲ್ಲ ಅನ್ನುವ ಧೈರ್ಯದಿಂದ ಬರೆಯುತ್ತಿದ್ದೇನೆ. ಈಸ್ಟರ್ ದಿನ ಇದು ನಿನ್ನ ಕೈಗೆ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ, ನೀನು ಬೈದರೂ ತಡವಾಗಿರುತ್ತದೆ.

ನಿನ್ನ ಮೂರು ಪ್ರಶ್ನೆಗೂ ಉತ್ತರ: ಹೌದು, ಹೌದು, ಹೌದು. ಮೆಟ್ಟಿಲು ಹತ್ತುವಾಗ ಬರುತ್ತದೆ. ಎಡಗೈಗೆ ಇಳಿಯುತ್ತದೆ. ಬೆವರುತ್ತೇನೆ.

ಒಬ್ಬನೇ ಹೋಗಿ ಡಾಕ್ಟರಿಗೆ ತೋರಿಸಿದೆ. ರಕ್ತನಾಳ ಕಟ್ಟಿಕೊಂಡಿದೆ, ತಡ ಮಾಡದೆ ಎದೆ ತೆರೆದು ಆಪರೇಷನ್ ಮಾಡಬೇಕು ಅಂದರು. ಇನ್ನು ಸ್ವಲ್ಪ ದಿನ ಅಂದೆ. "ಯಾಕೆ?" ಅಂದರು. "ಶವಸಂಸ್ಕಾರ ಇದೆ ಡಾಕ್ಟ್ರೇ" ಅಂದೆ. "ಯಾರದ್ದು?" ಅಂದರು. "ನನ್ನದೇ" ಅಂದೆ. ಆ ಪುಣ್ಯಾತ್ಮರಿಗೆ ನಗು ಬರಲಿಲ್ಲ.

ತ್ರೇಸ್ಯಗೆ ಹೇಳಿಲ್ಲ. ಹೇಳಿದರೆ ಆ ಕ್ಷಣಕ್ಕೇ ಎಲ್ಲ ನಿಲ್ಲಿಸುತ್ತಾಳೆ. ಚೇಚಿ, ಜನ ಈಗ ರಸ್ತೆಯಲ್ಲಿ ನನ್ನನ್ನು ಗುರುತು ಹಿಡಿಯುತ್ತಾರೆ. ಮೀನು ಮಾರುವ ಹೆಂಗಸು "ಪೈಲಿಚೇಟ್ಟಾ, ಇವತ್ತು ಹೇಗೆ ಸಾಯ್ತೀರಿ?" ಅಂತ ಕೇಳುತ್ತಾಳೆ. ಜೀವಮಾನವೆಲ್ಲ ಬೆನ್ನು ತೋರಿಸಿಕೊಂಡು ತೇಲಿದವನು ನಾನು. ಮುಖ ತೋರಿಸುವ ಸರದಿ ಬಂದಾಗ ಎದ್ದು ಹೋಗಲು ಮನಸ್ಸಾಗುವುದಿಲ್ಲ. ಭಯ ಇದೆ. ಆದರೆ ಆಸೆ ಅದಕ್ಕಿಂತ ಒಂದು ಹಿಡಿ ಹೆಚ್ಚಿದೆ.

ನಿನ್ನ
ಕುರ್ಯಾಚ್ಚನ್


ಆಸ್ಪತ್ರೆಯಿಂದ
27 ಮಾರ್ಚ್ 2023

ಪ್ರೀತಿಯ ಚೇಚಿ,

ಮೊದಲು ಇದು: ಬದುಕಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗಿದ್ದರೆ ಕ್ಷಮಿಸು.

ನಮ್ಮ ಮನೆಯ ನಡುಕೋಣೆಯಲ್ಲಿ ನನ್ನನ್ನು ಪೆಟ್ಟಿಗೆಯಲ್ಲಿ ಮಲಗಿಸಿದರು. ಬಿಳಿ ಕೈಗವಸು, ಕೈಯಲ್ಲಿ ಜಪಮಾಲೆ, ತಲೆಯ ಹತ್ತಿರ ಮೇಣದ ಬತ್ತಿ. ಮಾರ್ಚ್ ತಿಂಗಳ ಸೆಕೆ, ಮೇಲೆ ದೀಪಗಳ ಕಾವು. ಸುತ್ತ ಕೂತವರು ನನ್ನ ಗುಣಗಾನ ಮಾಡುತ್ತಾ ಅತ್ತರು. ಅಮ್ಮಚ್ಚಿ ಒಳಕೋಣೆಯ ಬಾಗಿಲು ಹಾಕಿಕೊಂಡು ಜಪಮಾಲೆ ಹಿಡಿದು ಕೂತಿದ್ದರು.

ನಾಲ್ಕು ಜನ ಪೆಟ್ಟಿಗೆ ಎತ್ತಿ ಹೊಸ್ತಿಲು ದಾಟುವಾಗ ಯಾರೋ ನನ್ನ ಎದೆಯ ಮೇಲೆ ಕಾಲಿಟ್ಟು ನಿಂತ ಹಾಗಾಯಿತು. ಕಾಲು ತೆಗೆಯಲೇ ಇಲ್ಲ. ಅಂಗಳದಲ್ಲಿ ಇಳಿಸಿದರು. ದೃಶ್ಯ ಮುಗಿಯಿತು. ನನಗೆ ಎಲ್ಲ ಕೇಳಿಸುತ್ತಿದೆ. ಆದರೆ ಕಣ್ಣು ತೆರೆಯಲಾಗುತ್ತಿಲ್ಲ.

"ಸೂಪರ್ ಅಂಕಲ್! ಈಗ ನಗಿ" ಅಂದಳು ಮೈಥಿಲಿ.

ನಾನು ನಗಲಿಲ್ಲ.

"ಎಂಥಾ ನಟನೆ ನೋಡ್ರಿ. ಉಸಿರೇ ಕಾಣ್ತಿಲ್ಲ" ಅಂತ ಯಾರೋ ಹೊಗಳಿದರು.

"ಅಂಕಲ್, ಕೋಳಿ ಸಾರು ಬಂದಿದೆ, ನಗಿ!"

"ನಿದ್ದೆ ಹೋದ್ರೇನಪ್ಪಾ? ಸಾಯೋದೂ ಸುಸ್ತಿನ ಕೆಲ್ಸಾನೇ ಬಿಡಿ."

"ನಮ್ಮ ಹೊಟ್ಟೆ ಮೇಲೆ ಹೊಡೀಬೇಡಿ ಚೇಟ್ಟಾ, ಒಂದೇ ಒಂದು ನಗು!"

ಮೂವತ್ತು ಜನ ಊಟದ ತಟ್ಟೆ ಹಿಡಿದು ಪೆಟ್ಟಿಗೆಯ ಸುತ್ತ ನಿಂತಿದ್ದಾರೆ ಚೇಚಿ, ನನ್ನ ಹಲ್ಲು ಕಾಣುವುದನ್ನೇ ಕಾಯುತ್ತಾ. ಆ ಕಾನೂನು ಇಲ್ಲದಿದ್ದರೆ "ಕಟ್" ಅಂದ ಕೂಡಲೇ ಎಲ್ಲರೂ ಸಾರಿನ ಕಡೆ ಓಡಿರುತ್ತಿದ್ದರು. ಪಾಪ, ಮಲಗಿರಲಿ ಅಂತ ಬಿಟ್ಟಿರುತ್ತಿದ್ದರು. ನಾನು ಆ ಪೆಟ್ಟಿಗೆಯಲ್ಲೇ ತಣ್ಣಗಾಗಿರುತ್ತಿದ್ದೆ.

ಅಷ್ಟರಲ್ಲಿ ಜಗಲಿಯಿಂದ ತ್ರೇಸ್ಯಳ ಕೂಗು. "ಅವ್ರು ನಗ್ತಿಲ್ಲ! ನಗ್ತಿಲ್ಲ ಅಂದ್ನಲ್ಲಾ! ಮೋಳೇ, ಅವ್ರು ನಿಜವಾಗ್ಲೂ ನಗ್ತಿಲ್ಲ!"

ಮುಂದಿನದ್ದು ಅವರೆಲ್ಲ ಹೇಳಿದ್ದು. ಆಂಬುಲೆನ್ಸಿಗೆ ಕಾಯಲು ವ್ಯವಧಾನವಿರಲಿಲ್ಲ. ದೃಶ್ಯಕ್ಕೆಂದು ತಂದಿದ್ದ ಶವದ ಗಾಡಿ ಅಂಗಳದಲ್ಲೇ ಹೂ ಮುಡಿದು ನಿಂತಿತ್ತು. ಪೆಟ್ಟಿಗೆ ಸಮೇತ ನನ್ನನ್ನು ಅದರಲ್ಲೇ ತುಂಬಿದರು. ರಸ್ತೆಯುದ್ದಕ್ಕೂ ಬಸ್ಸು ಲಾರಿಗಳೆಲ್ಲ ಬದಿಗೆ ಸರಿದವಂತೆ. ಜನ ಎದ್ದು ನಿಂತು ಶಿಲುಬೆಯ ಗುರುತು ಹಾಕಿದರಂತೆ. ಬದುಕಿದ್ದಾಗ ಇಂಥ ಮರ್ಯಾದೆ ನನಗೆ ಯಾವತ್ತೂ ಸಿಕ್ಕಿರಲಿಲ್ಲ. ಆಂಬುಲೆನ್ಸಿಗಿಂತ ಬೇಗ ತಲುಪಿದೆವು.

ಆಸ್ಪತ್ರೆಯ ಗೇಟಿನಲ್ಲಿ ವಾಚ್‌ಮನ್ ಟೋಪಿ ತೆಗೆದು ವಿನಯದಿಂದ ಹೇಳಿದನಂತೆ: "ಹೆಣದ ಕೋಣೆ ಹಿಂದ್ಗಡೆ, ಹೀಗೆ ಸುತ್ಕೊಂಡ್ಹೋಗಿ."

"ನಿಮ್ಮಪ್ಪನ್ನ ಕರ್ಕೊಂಡ್ಹೋಗು ಹಿಂದ್ಗಡೆಗೆ!" ಅಂದಳಂತೆ ತ್ರೇಸ್ಯ. "ಬದುಕಿದ್ದಾರೋ ಇವ್ರು! ತೆಗೀ ಗೇಟು!"

ಆಪರೇಷನ್ ಆಯಿತು. ಡಾಕ್ಟರ್ ಅದೇ ನಗದ ಪುಣ್ಯಾತ್ಮರು. ಈ ಸಲ ಅವರೇ ತಮಾಷೆ ಮಾಡಿದರು: "ಇನ್ನು ಸ್ವಲ್ಪ ತಡವಾಗಿದ್ರೆ ಆ ಪೆಟ್ಟಿಗೇನ ವಾಪಸ್ ಕೊಡೋ ಕೆಲ್ಸ ಇರ್ತಿರ್ಲಿಲ್ಲ."

ನನಗೆ ಎಚ್ಚರವಾದಾಗ ಎದುರಿಗೆ ತ್ರೇಸ್ಯ ಫೋನ್ ಹಿಡಿದು ನಿಂತಿದ್ದಳು. ಹೇಗಿದ್ದೀರಿ ಅಂತಲೂ ಕೇಳಲಿಲ್ಲ. "ನಗಿ" ಅಂದಳು. ನಕ್ಕೆ. ಫೋಟೋ ತೆಗೆದಳು. ಆಮೇಲೆ ಮಂಚದ ಕಾಲಿಗೆ ತಲೆ ಒರಗಿಸಿ ಅತ್ತಳು. ಅವಳು ಹಾಗೆ ಅತ್ತದ್ದನ್ನು ನಾನು ನೋಡಿರಲೇ ಇಲ್ಲ.

ನಿನಗೆ ಫೋನ್ ಮಾಡಿ ತಿಳಿಸುತ್ತೇನೆ ಅಂದಳು. ಬೇಡ ಅಂದೆ. ನೋಂಬಿನಲ್ಲಿ ಮೊದಲೇ ಅರೆಹೊಟ್ಟೆ, ಇದು ಗೊತ್ತಾದರೆ ಅದೂ ಬಿಟ್ಟುಬಿಡುತ್ತೀ. ಈಸ್ಟರ್‌ಗೆ ಒಂದೇ ಸಲ ಸಂತೋಷವಾಗಿ ಓದಲಿ.

ನಿನ್ನ
ಕುರ್ಯಾಚ್ಚನ್


ಚಂಗನಾಶ್ಶೇರಿ
6 ಏಪ್ರಿಲ್ 2023, ಪೆಸಹಾ ಗುರುವಾರ

ಪ್ರೀತಿಯ ಚೇಚಿ,

ಮನೆಗೆ ಬಂದಿದ್ದೇನೆ. ಅಂಗಳದಲ್ಲಿ ಎರಡು ಸುತ್ತು ನಡೆಯಲು ಅಪ್ಪಣೆಯಿದೆ. ಅಮ್ಮಚ್ಚಿ ಮತ್ತೆ ಮಾತಾಡುತ್ತಿದ್ದಾರೆ. ಮಾತಿಲ್ಲದಿದ್ದಾಗಲೇ ಸುಖವಾಗಿತ್ತು.

ಇವತ್ತು ಬೆಳಗ್ಗೆ ತ್ರೇಸ್ಯ, ಕರ್ತರ ಕೊನೆಯ ಊಟದ ನೆನಪಿನ ರೊಟ್ಟಿ, ಪೆಸಹಾ ಅಪ್ಪಕ್ಕೆ ಅಕ್ಕಿ ನೆನೆಹಾಕಲು ಹೊರಟಳು. ಅಮ್ಮಚ್ಚಿ ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತರು.

"ಪೆಟ್ಟಿಗೆ ಹೊಸ್ತಿಲು ದಾಟಿದ ಮನೇಲಿ ಆ ವರ್ಷ ಅಪ್ಪ ಮಾಡೋ ಹಾಗಿಲ್ಲ."

"ಅಮ್ಮಚ್ಚೀ, ಪೆಟ್ಟಿಗೇಲಿ ಹೋದವರು ವಾಪಸ್ ಬಂದು ಇಲ್ಲೇ ಕೂತಿದ್ದಾರಲ್ಲ!"

"ಬಂದದ್ದು ಸಂತೋಷ. ಆದ್ರೆ ಪೆಟ್ಟಿಗೆ ಹೋಗಿದ್ದು ಹೌದೋ ಅಲ್ವೋ? ಒಳಗಿದ್ದವನಿಗೆ ಆಗ ಪ್ರಜ್ಞೆ ಇತ್ತಾ? ಇಲ್ಲ. ಮುಗೀತು. ಸಾವಾದ ಮನೆಗೆ ಪಕ್ಕದವರು ತಂದ್ಕೊಡ್ಬೇಕು, ಅದೇ ಕ್ರಮ."

ಈ ವಾದವನ್ನು ಬಿಷಪ್ಪರೇ ಬಂದರೂ ಮುರಿಯಲಾರರು. ಪಕ್ಕದ ಮನೆಯ ಸೋಶಾಮ್ಮ ನಮ್ಮ ಪಾಲನ್ನೂ ಮಾಡುತ್ತಿದ್ದಾಳೆ. ಬೇರೆ ಮನೆಗಳ ಯಜಮಾನರು ಅಪ್ಪ ಕತ್ತರಿಸಿ ಹಂಚುವ ಹೊತ್ತಿಗೆ ಈ ಯಜಮಾನ ಸತ್ತವರ ಲೆಕ್ಕದಲ್ಲಿ ಕೂತು ಇನ್ನೊಬ್ಬರ ಅಪ್ಪ ತಿನ್ನಬೇಕು. ತ್ರೇಸ್ಯ ಪ್ರತಿ ವರ್ಷದ ಹಾಗೆ ನಿನಗೂ ಒಂದು ತುಂಡು ಕಳಿಸುತ್ತಾಳೆ, ಈ ಸಲ ಸೋಶಾಮ್ಮನ ಡಬ್ಬಿಯಲ್ಲಿ. ಸೋಶಾಮ್ಮನ ಗಂಡ ಸಂಜೆ ಕೋಟ್ಟಯಂಗೆ ಬರುತ್ತಾನೆ. ಈ ಪತ್ರವೂ ಅವನ ಕೈಯಲ್ಲೇ.

ಇನ್ನೊಂದು ಸುದ್ದಿ. ಕೊನೆಯ ಕಂತು ಸಿಕ್ಕಿತು. ನನ್ನಿಂದ ಇನ್ನು ನಟಿಸಲಾಗುವುದಿಲ್ಲ, ಕಥೆ ಅರ್ಧಕ್ಕೆ ನಿಂತಿತು ಅಂತ ಎಲ್ಲರೂ ತಲೆಯ ಮೇಲೆ ಕೈ ಹೊತ್ತಿದ್ದರು. ಆಗ ಎಡಿಟರ್ ಹುಡುಗ "ಈ ಅಂಕಲ್ ನಗುಗಳನ್ನೆಲ್ಲ ಏನ್ ಮಾಡ್ಲಿ, ಅಳಿಸ್ಲಾ?" ಅಂತ ಕೇಳಿದನಂತೆ. ಎದ್ದದ್ದಕ್ಕೆ ಸಂತೋಷಪಟ್ಟನೇ ಅಂದ ನಿನ್ನ ಮಾತು ಮೈಥಿಲಿಗೆ ನೆನಪಾಯಿತಂತೆ. ಕೂತು ಎಲ್ಲವನ್ನೂ ಜೋಡಿಸಿದ್ದಾಳೆ. ಪೈಲಿ ತೆಂಗಿನಮರದ ಕೆಳಗೆ ಸತ್ತು ಬಿದ್ದಿದ್ದಾನೆ, ಕಣ್ಣು ಬಿಡುತ್ತಾನೆ, ನಗುತ್ತಾನೆ. ಬಾವಿಕಟ್ಟೆಯಲ್ಲಿ ನಗುತ್ತಾನೆ. ಕಪ್ಪದ ತಟ್ಟೆಯ ಮುಂದೆ ನಗುತ್ತಾನೆ. ಸಾವಿನ ಮೇಲೆ ಸಾವು, ನಗುವಿನ ಮೇಲೆ ನಗು. ಕೊನೆಗೆ ಹುಂಜ ಕೂಗುತ್ತದೆ, ಗೋಡೆಯ ಕ್ಯಾಲೆಂಡರಿನಲ್ಲಿ ಮರುದಿನದ ತಾರೀಖು. ಅಷ್ಟೇ. ಒಂದು ಮಾತೂ ಇಲ್ಲ. ತ್ರೇಸ್ಯ, ಸೋಶಾಮ್ಮ, ನಾನು ಒಟ್ಟಿಗೆ ಕೂತು ನೋಡಿದೆವು. ನನ್ನ ಮುಖ ನೋಡಿ ನನಗೇ ಅಳು ಬಂತು.

ಹಬ್ಬದ ಶುಭಾಶಯಗಳು ಚೇಚಿ. ಅಪ್ಪ ಸಂತೋಷವಾಗಿ ತಿನ್ನು.

ನಿನ್ನ
ಕುರ್ಯಾಚ್ಚನ್


ಕೋಟ್ಟಯಂ
9 ಏಪ್ರಿಲ್ 2023, ಈಸ್ಟರ್

ಕುರ್ಯಾ,

ನೀನು ಬದುಕಿದ್ದೀ. ಇಷ್ಟು ಬರೆದು ಪೆನ್ನು ಕೆಳಗಿಟ್ಟು, ಸ್ವಲ್ಪ ಹೊತ್ತು ಈ ಎರಡು ಪದಗಳನ್ನೇ ನೋಡುತ್ತಾ ಕೂತಿದ್ದೆ.

ಈಗ ಬೈಯುತ್ತೇನೆ. ಅಪ್ಪ ಸಂತೋಷವಾಗಿ ತಿನ್ನಬೇಕಂತೆ!

ಗುರುವಾರ ಸಂಜೆ, ಹೊರಗಿನ ಸಾಮಾನು ಒಳಗೆ ಬರುವ ಗೋಡೆಯ ತಿರುಗುಪೆಟ್ಟಿಗೆ ತಿರುಗಿತು. ಪ್ರತಿ ವರ್ಷ ಅದರಲ್ಲಿ ತ್ರೇಸ್ಯಳ ಸ್ಟೀಲ್ ಡಬ್ಬಿ ಇರುತ್ತದೆ, ಮುಚ್ಚಳದ ಮೇಲೆ ನಮ್ಮ ಮನೆಯ ಹೆಸರು ಕೊರೆದದ್ದು. ಈ ಸಲ ಗುರುತಿಲ್ಲದ ಹಸಿರು ಪ್ಲಾಸ್ಟಿಕ್ ಡಬ್ಬಿ. ಆಚೆಯಿಂದ ಸಿಸ್ಟರ್ ಲಿಸ್ಯು ಮೆಲ್ಲಗೆ ಹೇಳಿದಳು: "ನಿಮ್ಮ ತಮ್ಮನ ಮನೇದು ಚೇಚಿ. ಈ ಸಲ ಅವರ ಮನೇಲಿ ಮಾಡಿಲ್ವಂತೆ. ಪಕ್ಕದವರು ಮಾಡ್ಕೊಟ್ರಂತೆ." ಅಷ್ಟು ಹೇಳುವಷ್ಟರಲ್ಲಿ ಮೌನದ ಗಂಟೆ ಹೊಡೆಯಿತು.

ಪೆಸಹಾ ಅಪ್ಪ ಮಾಡದ ಮನೆ ಅಂದರೆ ಏನು ಅಂತ ನಮ್ಮಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಅಮ್ಮಚ್ಚಿಗೆ ತೊಂಬತ್ತರ ಹತ್ತಿರ ವಯಸ್ಸು, ಅವರಿರಬಹುದಲ್ಲ ಅಂತ ಒಮ್ಮೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯಾಯಿತು. ಆದರೆ ಗ್ಯಾಸ್ ಅಂತ ಬರೆದವನು ನೀನು. ಉತ್ತರ ಕೊಡದೆ ಉಳಿದವನು ನೀನು. ನನಗೆ ಸಂಶಯವೇ ಉಳಿಯಲಿಲ್ಲ.

ಹೋಗಿ ಮದರ್‌ರನ್ನು ಕೇಳಬಹುದಿತ್ತು. ಕೇಳಲಿಲ್ಲ. ಕೇಳುವವರೆಗೆ ನೀನು ಅರ್ಧವಾದರೂ ಬದುಕಿರುತ್ತೀ ಅನ್ನಿಸಿತು. ಅಪ್ಪವನ್ನು ತಿನ್ನದೆ ಡಬ್ಬಿಯಲ್ಲೇ ಮುಚ್ಚಿಟ್ಟೆ. ಶುಕ್ರವಾರ ಇಡೀ ಮಠ ಕರ್ತರ ಮರಣಕ್ಕೆ ಅಳುತ್ತಿತ್ತು. ನಾನು ನನ್ನ ತಮ್ಮನಿಗಾಗಿ ಅತ್ತೆ. ಯಾರಿಗೂ ಗೊತ್ತಾಗಲಿಲ್ಲ, ಆ ದಿನ ಎಲ್ಲರ ಕಣ್ಣೂ ಕೆಂಪು. ಶನಿವಾರ ನಿನ್ನ ಆತ್ಮಕ್ಕಾಗಿ ಪೂರ್ತಿ ಜಪಮಾಲೆ ಮುಗಿಸಿದೆ. ಅದನ್ನು ದೇವರು ಯಾವ ಖಾತೆಗೆ ಹಾಕಿಕೊಂಡರೋ ಗೊತ್ತಿಲ್ಲ.

ಇವತ್ತು ಪೂಜೆ ಮುಗಿದ ಮೇಲೆ ಮದರ್ ಪತ್ರಗಳ ಕಟ್ಟು ಕೊಟ್ಟರು. ಎಲ್ಲಕ್ಕೂ ಮೇಲೆ ಮಾರ್ಚ್ ಐದರದ್ದು. ಸತ್ತವನ ಅಕ್ಷರ ಅಂತಲೇ ತೆರೆದೆ. ಹೌದು, ಹೌದು, ಹೌದು ಅಂತ ಓದಿದಾಗ ಇನ್ನುಳಿದವನ್ನು ಮುಟ್ಟುವ ಶಕ್ತಿ ಇರಲಿಲ್ಲ. ಎರಡನೆಯದನ್ನು ತ್ರೇಸ್ಯ ಬರೆದಿರುತ್ತಾಳೆ ಅಂದುಕೊಂಡೆ. ತೆರೆದರೆ ಕೋಳಿ ಕೆದರಿದ ಅಕ್ಷರ, ನಿನ್ನದೇ. "ಮೊದಲು ಇದು." ಮುಂದಿನ ಪದವನ್ನು ಬೆರಳಿಟ್ಟು ಓದಿದೆ.

ಹೆಣದ ಕೋಣೆ ಹಿಂದ್ಗಡೆ ಅಂದ ವಾಚ್‌ಮನ್‌ವರೆಗೆ ಹೇಗೋ ತಡೆದುಕೊಂಡಿದ್ದೆ. ತ್ರೇಸ್ಯಳ ಉತ್ತರ ಓದಿ ಗಟ್ಟಿಯಾಗಿ ನಕ್ಕುಬಿಟ್ಟೆ. ಈ ಗೋಡೆಗಳ ಒಳಗೆ ಯಾರೂ ಹಾಗೆ ನಕ್ಕಿರಲಿಕ್ಕಿಲ್ಲ. ಸಿಸ್ಟರ್ ಫಿಲೋಮಿನಾಳ ಕೆಮ್ಮೇ ನಿಂತುಹೋಯಿತು. ಮದರ್ ಓಡಿ ಬಂದರು. ಮಾತಾಡಲಾಗದೆ ಪತ್ರವನ್ನೇ ಕೈಗಿಟ್ಟೆ. ಅವರು ಎಲ್ಲರಿಗೂ ಕೇಳುವಂತೆ ಓದಿದರು. ಶವಪೆಟ್ಟಿಗೆಯ ವಿಷಯ ಹೀಗೆ ಅವರಿಗೂ ಗೊತ್ತಾಯಿತು. ಸಿಸ್ಟರ್ ಬೆನಿಞ್ಞ ತನ್ನ ಊರುಗೋಲು ನೆಲಕ್ಕೆ ಕುಟ್ಟಿ ಹೇಳಿದಳು: "ನಾ ಸುಮ್ನೆ ಮೊಣಕಾಲೂರಿದ್ನಾ ಹಾಗಾದ್ರೆ? ಎದ್ದು ಬಂದ ನೋಡಿ, ನಮ್ಮ ಪೈಲಿ!" ಆಮೇಲೆ ಸೋಶಾಮ್ಮನ ಅಪ್ಪ ತಿಂದೆ. ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಇಷ್ಟು ರುಚಿಯಾದ ಅಪ್ಪವನ್ನು ನಾನು ತಿಂದಿಲ್ಲ.

ಆ ನಗುವಿನ ಪದ್ಧತಿ ಮೂಢನಂಬಿಕೆ ಅಂದಿದ್ದೆ. ಈಗಲೂ ಅದು ಮೂಢನಂಬಿಕೆಯೇ. ಪಾಪನಿವೇದನೆಯಲ್ಲಿ ಮಾತ್ರ ಹೇಳಬೇಡ. ತ್ರೇಸ್ಯ ಎಂಥವಳು ಅಂತ ನನಗೆ ಗೊತ್ತಿರಲಿಲ್ಲ. ಅವಳಿಗೆ ನನ್ನ ಮುತ್ತು ಕೊಡು. ಅಮ್ಮಚ್ಚಿಗೆ ಹೇಳು, ಅವರ ಕ್ರಮದಿಂದ ನಾನು ಅರ್ಧ ಸತ್ತೆ ಅಂತ.

ನಿನ್ನ ಕೊನೆಯ ಕಂತನ್ನು ನಾನು ನೋಡಲಾರೆ. ಇಲ್ಲಿ ಟೀವಿ ಬರುವುದಿಲ್ಲ, ನನಗೆ ಅದರ ಆಸೆಯೂ ಇಲ್ಲ. ಡಾಕ್ಟರ್ ಅಪ್ಪಣೆ ಕೊಟ್ಟ ಕೂಡಲೇ ತ್ರೇಸ್ಯಳ ಜೊತೆ ಬಾ. ಜಾಲರಿಯ ಮುಂದಿನ ಕುರ್ಚಿಯಲ್ಲಿ ಕೂರು. ನಾನು ಆಚೆಯ ಪರದೆ ಸರಿಸುತ್ತೇನೆ. ಚೇಚಿ ಹೇಗಿದ್ದೀ ಅಂತ ಕೇಳಬೇಡ, ಕ್ಷಮೆ ಕೇಳಬೇಡ, ಬಾಯಿಬಡುಕನ ಹಾಗೆ ಕಥೆ ಶುರು ಮಾಡಬೇಡ.

ಮೊದಲು ನಗು. ಆಮೇಲೆ ಮಾತು.

ನಿನ್ನ ಚೇಚಿ